ತೋಟದ ಮಧ್ಯೆ ಗ್ಯಾಸ್ ಪೈಪ್‌ಲೈನ್ ಬರ್ತಿದೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ಲಾ?

ಪ್ರಶ್ನೆ: ಸರ್, ನಮ್ಮದು ಗುಬ್ಬಿ ತಾಲ್ಲೂಕು. ಮೂರೂವರೆ ಎಕರೆ ಜಮೀನು, ಅದರಲ್ಲಿ ಎರಡು ಎಕರೆ ಅಡಿಕೆ, ಎಂಟು ವರ್ಷದ ಗಿಡ, ಬದುವಿನ ಮೇಲೆ ತೆಂಗು ಇದೆ. ಗ್ಯಾಸ್ ಪೈಪ್‌ಲೈನ್‌ನವರು ಅಳತೆ ಮಾಡಿ ಗಿಡಗಳಿಗೆ ಕೆಂಪು ಪೇಂಟ್ ಬಳಿದು ಹೋಗಿದಾರೆ. 20 ಮೀಟರ್ ಅಗಲ ಬೇಕಂತೆ, ನಮ್ಮ ತೋಟದಲ್ಲೇ 150 ಮೀಟರ್ ಉದ್ದ ಹೋಗುತ್ತೆ. ಒಬ್ಬರು ಮನೆಗೆ ಬಂದು ಈಗಲೇ ಸಹಿ ಹಾಕಿದ್ರೆ ಜಾಸ್ತಿ ದುಡ್ಡು, ಆಮೇಲಾದ್ರೆ ಬರೀ ಸರ್ಕಾರಿ ರೇಟು ಅಂತಿದಾರೆ. ಪಹಣಿ ಇನ್ನೂ ತೀರಿಕೊಂಡ ನಮ್ಮ ತಂದೆ ಹೆಸರಲ್ಲೇ ಇದೆ, ನಾವು ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ರಸ್ತೆ ಪಕ್ಕದಲ್ಲಿ ಮನೆ ಕಟ್ಬೇಕು ಅಂತಾನೂ ಇತ್ತು. ಬೇಡ ಅನ್ನೋಕೆ ಆಗುತ್ತಾ? ಆಗಲ್ಲ ಅಂದ್ರೆ ಎಷ್ಟು ಕೇಳ್ಬೇಕು?

ಉತ್ತರ: ಮೊದಲು ಆ ಸಹಿ ವಿಷಯ ಹೇಳಿಬಿಡ್ತೀನಿ, ಇವತ್ತು ನಾಳೆ ಹಾಕಬೇಡಿ. ಮನೆಗೆ ಬಂದವರು ಹೆಚ್ಚುಕಮ್ಮಿ ಕಾಂಟ್ರಾಕ್ಟರ್ ಕಡೆಯವರು ಆಗಿರ್ತಾರೆ, ಊರೂರು ಸುತ್ತಿ ಆದಷ್ಟು ಒಪ್ಪಿಗೆ ಪತ್ರ ತರೋದೇ ಅವರ ಕೆಲಸ, ಅವರನ್ನ ಬೈದು ಪ್ರಯೋಜನ ಇಲ್ಲ. ಆದ್ರೆ ನಿಮಗೆ ಎಷ್ಟು ದುಡ್ಡು ಅಂತ ತೀರ್ಮಾನ ಮಾಡೋ ಅಧಿಕಾರ ಅವರಿಗಿಲ್ಲ. ಆ ಪತ್ರದ ಒಂದು ಜೆರಾಕ್ಸ್ ಕೊಡಿ, ಓದಿ ಹೇಳ್ತೀವಿ ಅನ್ನಿ. ಕೊಡಲ್ಲ ಅಂದ್ರೆ ಅಲ್ಲೇ ಉತ್ತರ ಸಿಕ್ಕಿತು ನಿಮಗೆ. ಕೊಟ್ರೆ ಮೂರು ಮಾತು ಹುಡುಕಿ: 'ಪೂರ್ಣ ಮತ್ತು ಅಂತಿಮ ಪರಿಹಾರ' ಅಂತ ಎಲ್ಲಾದ್ರೂ ಇದೆಯಾ, 'ಮುಂದೆ ಯಾವುದೇ ತಕರಾರು ಮಾಡುವುದಿಲ್ಲ' ಅಂತ ಇದೆಯಾ, ಮರಗಳ ಸಂಖ್ಯೆ ಬರೆಯೋ ಜಾಗ ಖಾಲಿ ಬಿಟ್ಟಿದಾರಾ. ಈ ಮೂರರಲ್ಲಿ ಒಂದಿದ್ರೂ ಆ ಕಾಗದ ನಿಮ್ಮ ಪರವಾಗಿಲ್ಲ.

ಈಗ ಬೇಡ ಅನ್ನೋಕೆ ಆಗುತ್ತಾ ಅನ್ನೋ ಪ್ರಶ್ನೆ. ಪೆಟ್ರೋಲ್, ಗ್ಯಾಸ್ ಸಾಗಿಸೋ ದೊಡ್ಡ ಪೈಪ್‌ಲೈನ್‌ಗಳಿಗೆ 1962ರ ಕೇಂದ್ರ ಕಾಯ್ದೆ ಒಂದಿದೆ, ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆ, ಕಂಪನಿಯವರು ಪಿಎಂಪಿ ಆಕ್ಟ್ ಅಂತಾರೆ. ಇದರಲ್ಲಿ ಜಮೀನು ನಿಮ್ಮ ಹೆಸರಲ್ಲೇ ಉಳಿಯುತ್ತೆ, ಪಹಣಿ ನಿಮ್ಮದೇ, ಮೇಲೆ ಬೆಳೆ ಬೆಳೆಯೋರೂ ನೀವೇ, ಆದ್ರೆ ಗುರುತು ಮಾಡಿದ ಆ 20 ಮೀಟರ್ ಅಗಲದ ಪಟ್ಟಿಯ ಅಡಿಯಲ್ಲಿ ಪೈಪ್ ಹಾಕೋ, ಆಮೇಲೆ ಬಂದು ನೋಡಿಕೊಳ್ಳೋ ಹಕ್ಕು ಅವರಿಗೆ ಹೋಗುತ್ತೆ. ಇದನ್ನೇ ಬಳಕೆ ಹಕ್ಕು ಅಥವಾ ಆರ್‌ಓಯು ಅನ್ನೋದು. ಇದು ಒಪ್ಪಂದದ ಮೇಲೆ ಮಾತ್ರ ನಡೆಯೋ ವ್ಯವಹಾರ ಅಲ್ಲ, ನೀವು ಒಪ್ಪದಿದ್ರೂ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೊರಡಿಸಿ ತಗೋಬಹುದು. ಕೊಚ್ಚಿ ಕಡೆಯಿಂದ ಬೆಂಗಳೂರಿಗೆ ಬರೋ ಲೈನ್ ವಿಷಯದಲ್ಲಿ ತಮಿಳುನಾಡು ಸರ್ಕಾರವೇ ರೈತರ ಪರ ನಿಂತು, ಹೊಲದಲ್ಲಿ ಬೇಡ ಹೆದ್ದಾರಿ ಪಕ್ಕ ಹೋಗಲಿ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, 2016ರ ಫೆಬ್ರವರಿಯಲ್ಲಿ ಅಲ್ಲೂ ಸೋತಿತು. ರಾಜ್ಯ ಸರ್ಕಾರಕ್ಕೇ ಆಗದ್ದು ಒಬ್ಬ ರೈತನಿಂದ ಆಗೋದು ಕಷ್ಟ. ಹಾಗಂತ ಕೈಕಟ್ಟಿ ಕೂರೋದೂ ಬೇಡ. ಕೇರಳದಲ್ಲಿ 2017ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಮುಕ್ಕಂ ಕಡೆ ಜನ ಗಟ್ಟಿಯಾಗಿ ನಿಂತ ಮೇಲೆ ಅಲ್ಲಿನ ಸರ್ಕಾರ ಕೂತು ಮಾತಾಡಿ ಪರಿಹಾರ ಏರಿಸ್ತು, ಹತ್ತು ಸೆಂಟ್ ಒಳಗಿನ ಸಣ್ಣ ಹಿಡುವಳಿಯವರಿಗೆ ಬೇರೆ ವಿನಾಯಿತಿ ಕೊಡ್ತು. ಪೈಪ್ ಬರೋದು ನಿಲ್ಲಲಿಲ್ಲ, ಷರತ್ತು ಬದಲಾಯ್ತು. ನಿಮ್ಮ ಕೆಲಸವೂ ಅದೇ, ಷರತ್ತು ಬದಲಾಯಿಸೋದು.

ಹಾಗಾಗಿ ಮೊದಲು ತಿಳ್ಕೋಬೇಕಾದ್ದು ನಿಮ್ಮ ಸರ್ವೆ ನಂಬರಿಗೆ ಸೆಕ್ಷನ್ 3(1) ನೋಟಿಫಿಕೇಶನ್, ಅಂದ್ರೆ ಈ ಜಮೀನಲ್ಲಿ ಬಳಕೆ ಹಕ್ಕು ತಗೊಳ್ಳೋ ಉದ್ದೇಶ ಇದೆ ಅಂತ ಸರ್ಕಾರ ಗೆಜೆಟ್‌ನಲ್ಲಿ ಹೊರಡಿಸೋ ಪ್ರಕಟಣೆ, ಆಗಿದೆಯಾ ಇಲ್ವಾ ಅನ್ನೋದು. ಇದು ಆಗೋಕೆ ಮುಂಚೆ ನಿಮ್ಮ ಜಮೀನಿಗೆ ಬಂದು ಗೂಟ ಹೊಡೆಯೋಕೆ ಆ ಕಾಯ್ದೆ ಕೊಡೋ ಅಧಿಕಾರ ಅವರಿಗೆ ಇರಲ್ಲ, ನಿಮ್ಮ ಅನುಮತಿ ಮೇಲೆ ಬರ್ಬೇಕು. ಆದ ಮೇಲೆ ಬರಬಹುದು, ಅಳೀಬಹುದು, ಬೋರ್ ಕೊರೆದು ಮಣ್ಣು ನೋಡಬಹುದು, ಆದ್ರೆ ಆ ಅಳತೆ ಕೆಲಸದಲ್ಲಿ ಬೆಳೆ ಹಾಳಾದ್ರೆ ಅದಕ್ಕೂ ದುಡ್ಡು ಕೊಡ್ಬೇಕು. ಈ ಪೈಪ್‌ಲೈನ್‌ಗೆ ಸರ್ಕಾರ ನೇಮಿಸಿದ ಒಬ್ಬ ಸಕ್ಷಮ ಪ್ರಾಧಿಕಾರಿ ಇರ್ತಾರೆ, ಬಹಳ ಸಲ ಕಂದಾಯ ಇಲಾಖೆಯಿಂದ ಬಂದ ಅಧಿಕಾರಿ. ಅವರ ಆಫೀಸ್ ಎಲ್ಲಿದೆ ಅಂತ ತಾಲ್ಲೂಕು ಕಚೇರಿಲಿ ಕೇಳಿ, ಅಲ್ಲಿಗೆ ಹೋಗಿ ಗೆಜೆಟ್ ಪ್ರತಿ ಕೇಳಿ ತಗೊಳ್ಳಿ. ಅದರಲ್ಲಿ ಹಳ್ಳಿ, ಸರ್ವೆ ನಂಬರ್, ಎಷ್ಟು ಜಾಗ ಅಂತ ಹೆಕ್ಟೇರ್, ಆರ್, ಚದರ ಮೀಟರ್ ಲೆಕ್ಕದಲ್ಲಿ ಇರುತ್ತೆ. ಒಂದು ಆರ್ ಅಂದ್ರೆ ಹತ್ತಿರ ಹತ್ತಿರ ಒಂದು ಗುಂಟೆ ಅಂತ ಇಟ್ಕೊಳ್ಳಿ. ನೀವು ಹೇಳಿದ 20 ಮೀಟರ್ ಅಗಲ 150 ಮೀಟರ್ ಉದ್ದ ಅಂದ್ರೆ 3000 ಚದರ ಮೀಟರ್, ಸುಮಾರು 29 ಮುಕ್ಕಾಲು ಗುಂಟೆ. ಗೆಜೆಟ್‌ನಲ್ಲಿ ಅದಕ್ಕಿಂತ ಕಮ್ಮಿ ಇದ್ದು ತೋಟದಲ್ಲಿ ಪೇಂಟ್ ಜಾಸ್ತಿ ಬಳಿದಿದ್ರೆ ಅದನ್ನ ಈಗಲೇ ಬರೆದು ಕೇಳ್ಬೇಕು.

ಆ ನೋಟಿಫಿಕೇಶನ್ ಪ್ರತಿ ಸಾರ್ವಜನಿಕರಿಗೆ ಸಿಗೋ ಹಾಗೆ ಮಾಡಿದ ದಿನದಿಂದ 21 ದಿನದೊಳಗೆ ಆಕ್ಷೇಪಣೆ ಹಾಕ್ಬೇಕು, ಬರವಣಿಗೆಯಲ್ಲಿ, ಸಕ್ಷಮ ಪ್ರಾಧಿಕಾರಿಗೆ. ಹಾಕಿದ ಮೇಲೆ ನಿಮ್ಮನ್ನ ಅಥವಾ ನಿಮ್ಮ ವಕೀಲರನ್ನ ಕರೆದು ಕೇಳಲೇಬೇಕು, ಅದು ಕಾಯ್ದೆಯಲ್ಲೇ ಇದೆ. ಬಹಳ ಜನ ಇಲ್ಲಿ ಎಡವೋದು ಹೇಗೆ ಅಂದ್ರೆ ಊರಿನ ಹತ್ತಾರು ಜನ ಸೇರಿ ಒಂದೇ ಟೈಪ್ ಮಾಡಿದ ಅರ್ಜಿ ಕೊಡ್ತಾರೆ, 'ನಮ್ಮ ಜೀವನೋಪಾಯ ಹೋಗುತ್ತೆ, ಯೋಜನೆ ಕೈಬಿಡಿ' ಅಂತ. ಆ ನೋವು ನಿಜ, ಆದ್ರೆ ಆ ಅರ್ಜಿ ತಿರಸ್ಕಾರ ಆಗೋದೂ ಅಷ್ಟೇ ನಿಜ. ಕೇಳಿಸಿಕೊಳ್ಳೋ ಅರ್ಜಿ ಹೇಗಿರುತ್ತೆ ಅಂದ್ರೆ, ಸರ್ವೆ ಸ್ಕೆಚ್ ಮೇಲೆ ನಿಮ್ಮ ಬೋರ್‌ವೆಲ್ ಎಲ್ಲಿದೆ, ಪಂಪ್‌ಹೌಸ್ ಎಲ್ಲಿದೆ, ಈಗಿನ ಲೈನ್ ಎಲ್ಲಿ ಹೋಗುತ್ತೆ, ಅದನ್ನ 25 ಮೀಟರ್ ಹಿಂದಕ್ಕೆ ಹಿಂಭಾಗದ ಬದುವಿಗೆ ಸರಿಸಿದ್ರೆ ಎಷ್ಟು ಅಡಿಕೆ ಮರ ಉಳಿಯುತ್ತೆ ಅಂತ ಗೆರೆ ಎಳೆದು ತೋರಿಸಿರ್ಬೇಕು. ನಿಮ್ಮದೇ ಸರ್ವೆ ನಂಬರ್ ಒಳಗೆ ಸರಿಸಿ ಅಂದ್ರೆ ಇಂಜಿನಿಯರ್‌ಗಳು ಯೋಚನೆ ಮಾಡ್ತಾರೆ, ಪಕ್ಕದವರ ಜಮೀನಿಗೆ ಹಾಕಿ ಅಂದ್ರೆ ಮಾಡಲ್ಲ, ಊರಲ್ಲೂ ಜಗಳ. ಅಡಿಕೆ ತೋಟ ಇರೋ ಉದ್ದಕ್ಕೆ ಮಾತ್ರ ಕೆಲಸದ ಅಗಲ ಕಡಿಮೆ ಮಾಡಿ ಅಂತಾನೂ ಕೇಳಿ. ಕಾಡಿನಲ್ಲಿ ಮರ ಉಳಿಸೋಕೆ ಅಗಲ ಕಡಿಮೆ ಮಾಡಿ ಪೈಪ್ ಹಾಕೋ ಪದ್ಧತಿ ಇದೆ, ಕಡಿಮೆ ಜಾಗದಲ್ಲಿ ಪೈಪ್ ಇಳಿಸೋಕೆ ಅವರಿಗೆ ಬರುತ್ತೆ, ಖರ್ಚು ಸ್ವಲ್ಪ ಜಾಸ್ತಿ ಅಷ್ಟೇ.

ಇನ್ನೊಂದು, ಕಾಯ್ದೆಯಲ್ಲೇ ಪೈಪ್ ಹಾಕಬಾರದು ಅಂತ ಕೆಲವು ಜಾಗ ಹೇಳಿದೆ. 3(1) ಆಗೋ ಮುಂಚೆ ವಾಸಕ್ಕೆ ಬಳಸ್ತಿದ್ದ ಜಾಗ, ಶಾಶ್ವತ ಕಟ್ಟಡ ನಿಂತಿರೋ ಜಾಗ, ಮನೆಗೆ ಸೇರಿದ ಹಿತ್ತಲು ಅಂಗಳ, ಇವುಗಳ ಅಡಿಯಲ್ಲಿ ಹಾಕೋ ಹಾಗಿಲ್ಲ. ನೆಲದಿಂದ ಒಂದು ಮೀಟರ್‌ಗಿಂತ ಕಡಿಮೆ ಆಳದಲ್ಲೂ ಹಾಕೋ ಹಾಗಿಲ್ಲ. ನಿಮ್ಮ ಜಮೀನಲ್ಲಿ ಕಾಂಕ್ರೀಟ್ ಪಂಪ್‌ಹೌಸ್, ನೀರಿನ ತೊಟ್ಟಿ, ಕಣದ ಮನೆ ಏನಾದ್ರೂ ಇದ್ರೆ ಅದನ್ನ ಆಕ್ಷೇಪಣೆಯಲ್ಲಿ ಮೊದಲ ಸಾಲಲ್ಲೇ ಬರೀರಿ, ಫೋಟೋ ಹಚ್ಚಿ. ಆದ್ರೆ ಈಗ ಅವಸರಕ್ಕೆ ನಾಲ್ಕು ಗೋಡೆ ಎಬ್ಬಿಸಿ ಮನೆ ಇದೆ ಅಂತ ತೋರ್ಸೋಕೆ ಹೋಗ್ಬೇಡಿ. 3(1) ದಿನಾಂಕದ ನಂತರ ಕಟ್ಟಿದ್ದಕ್ಕೆ, ಮಾಡಿದ ಸುಧಾರಣೆಗೆ ಪರಿಹಾರ ಲೆಕ್ಕಕ್ಕೇ ಬರಲ್ಲ ಅಂತ ಕಾಯ್ದೆ ಸ್ಪಷ್ಟವಾಗಿ ಹೇಳುತ್ತೆ, ಕಟ್ಟಿದ ದುಡ್ಡೂ ಹೋಗುತ್ತೆ ನಿಮ್ಮ ಮಾತಿನ ಬೆಲೆಯೂ ಹೋಗುತ್ತೆ. ಆಕ್ಷೇಪಣೆ ಎಲ್ಲ ಮುಗಿದ ಮೇಲೆ ಬಳಕೆ ಹಕ್ಕು ತಗೊಳ್ತೀವಿ ಅನ್ನೋ ಸೆಕ್ಷನ್ 6ರ ಘೋಷಣೆ ಬರುತ್ತೆ, ಅದು 3(1) ಆದ ಒಂದು ವರ್ಷದೊಳಗೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಆ 3(1) ತಾನಾಗೇ ಬಿದ್ದುಹೋಗುತ್ತೆ. ಎರಡೂ ಗೆಜೆಟ್ ತಾರೀಕು ಒಂದು ಪುಸ್ತಕದಲ್ಲಿ ಬರೆದಿಟ್ಕೊಳ್ಳಿ.

ದುಡ್ಡಿನ ಮಾತಿಗೆ ಬರೋಣ, ನೀವು ಕೇಳಿದ್ದೇ ಅದು. ಪರಿಹಾರ ಎರಡು ಭಾಗ. ಒಂದು, ಬಳಕೆ ಹಕ್ಕು ತಗೊಂಡಿದ್ದಕ್ಕೆ ಆ ಪಟ್ಟಿಯ ಮಾರುಕಟ್ಟೆ ಬೆಲೆಯ 10 ಪರ್ಸೆಂಟ್, 3(1) ದಿನಾಂಕದ ಬೆಲೆ. ಎರಡು, ಮರ, ಬೆಳೆ, ಬೋರ್, ಪೈಪು, ಬದು, ಆದಾಯ, ಏನೇನು ಹಾಳಾಯ್ತೋ ಅದರ ನಷ್ಟ. ಊರಲ್ಲಿ ಎಲ್ಲರೂ ಆ 10 ಪರ್ಸೆಂಟ್ ಮೇಲೆ ಜಗಳ ಆಡ್ತಾರೆ, 'ಹತ್ತು ಯಾಕೆ, ಐವತ್ತು ಕೊಡಿ' ಅಂತ. ಪರ್ಸೆಂಟ್ ಕಾಯ್ದೆಯಲ್ಲಿ ಬರೆದಿರೋದು, ಸಕ್ಷಮ ಪ್ರಾಧಿಕಾರಿ ಕೈಯಲ್ಲಿ ಅದನ್ನ ಬದಲಾಯಿಸೋ ಅಧಿಕಾರ ಇಲ್ಲ. ಯಾವುದರ ಹತ್ತು ಪರ್ಸೆಂಟ್ ಅನ್ನೋದು ಮಾತ್ರ ಅವರ ಕೈಲಿದೆ, ನಿಮ್ಮ ಕೈಲೂ ಇದೆ.

ಲೆಕ್ಕ ನೋಡಿ, ಇದು ಬರೀ ಉದಾಹರಣೆಗೆ. ನಿಮ್ಮ ಪಹಣಿಯಲ್ಲಿ ಇನ್ನೂ ಖುಷ್ಕಿ (ಮಳೆ ನಂಬಿದ ಜಮೀನು) ಅಂತಲೇ ಇದ್ದು, ಖುಷ್ಕಿಯ ಸರ್ಕಾರಿ ಮಾರ್ಗಸೂಚಿ ದರ ಎಕರೆಗೆ 12 ಲಕ್ಷ ಅಂತ ಇಟ್ಕೊಳ್ಳಿ, ಗುಂಟೆಗೆ 30 ಸಾವಿರ ಆಯ್ತು. 29 ಮುಕ್ಕಾಲು ಗುಂಟೆಗೆ ಹತ್ತಿರ ಹತ್ತಿರ 9 ಲಕ್ಷ, ಅದರ ಹತ್ತು ಪರ್ಸೆಂಟ್ 90 ಸಾವಿರಕ್ಕೆ ಸ್ವಲ್ಪ ಕಮ್ಮಿ. ಅದೇ ಜಮೀನನ್ನ ಬಾಗಾಯ್ತು (ತೋಟದ ಜಮೀನು) ಅಂತ ಒಪ್ಪಿಸಿ, ನಿಮ್ಮ ಊರಲ್ಲಿ 3(1) ಗಿಂತ ಮುಂಚೆ ತೋಟದ ಜಮೀನು ಎಕರೆಗೆ 40 ಲಕ್ಷಕ್ಕೆ ರಿಜಿಸ್ಟರ್ ಆದ ಕ್ರಯಪತ್ರ ಹಾಜರು ಮಾಡಿದ್ರೆ ಹತ್ತು ಪರ್ಸೆಂಟೇ 3 ಲಕ್ಷದ ಹತ್ತಿರ ಬರುತ್ತೆ. ಪರ್ಸೆಂಟ್ ಮುಟ್ಟದೇ ಮೂರು ಪಟ್ಟು ಜಾಸ್ತಿ ಆಯ್ತು. ಅದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಂದ ನಿಮ್ಮ ಊರು, ಪಕ್ಕದ ಊರಿನ ಇತ್ತೀಚಿನ ತೋಟದ ಕ್ರಯಪತ್ರಗಳ ಸರ್ಟಿಫೈಡ್ ಪ್ರತಿ ತೆಗೆಸಿ. ನಮ್ಮಲ್ಲಿ ಬಹಳ ಜನ ಸ್ಟಾಂಪ್ ಖರ್ಚು ಉಳಿಸೋಕೆ ಕಡಿಮೆ ಬೆಲೆ ತೋರಿಸಿ ರಿಜಿಸ್ಟರ್ ಮಾಡ್ತಾರೆ, ಅಂಥ ಪತ್ರ ನಿಮಗೆ ಉಲ್ಟಾ ಹೊಡೆಯುತ್ತೆ, ಬ್ಯಾಂಕ್ ಸಾಲ ತಗೊಂಡು ಪೂರ್ತಿ ಬೆಲೆ ಕೊಟ್ಟು ಕೊಂಡಿರೋರ ಪತ್ರ ಹುಡುಕಿ. ಪಹಣಿ ಕಾಲಂ 12ರಲ್ಲಿ ಅಡಿಕೆ ಬಂದಿದೆಯಾ ನೋಡಿ, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹಿಂದಿನ ವರ್ಷಗಳಲ್ಲಿ ನಿಮ್ಮ ತೋಟದ ಫೋಟೋ ಏರಿಸಿದ್ರೆ ಅದೇ ಒಳ್ಳೆ ಸಾಕ್ಷಿ, ತಾರೀಕು ಸಮೇತ ಇರುತ್ತೆ.

ಆದ್ರೆ ನಿಮ್ಮ ವಿಷಯದಲ್ಲಿ ಭೂಮಿ ಬೆಲೆಗಿಂತ ಮರದ ಲೆಕ್ಕ ದೊಡ್ಡದು, ಇದನ್ನ ದಯವಿಟ್ಟು ಮನಸ್ಸಲ್ಲಿ ಇಟ್ಕೊಳ್ಳಿ. ಒಂಬತ್ತು ಅಡಿಗೊಂದು ನೆಟ್ಟಿದ್ರೆ ಆ ಪಟ್ಟಿಯೊಳಗೆ ಸುಮಾರು 400 ಅಡಿಕೆ ಬರುತ್ತೆ, ನಿಮ್ಮ ಎರಡೆಕರೆ ತೋಟದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಆ ಪಟ್ಟಿಯಲ್ಲಿ ಮುಂದೆ ಯಾವ ಮರನೂ ನೆಡೋ ಹಾಗಿಲ್ಲ, ಸೆಕ್ಷನ್ 9. ಅಂದ್ರೆ ಇದು ಒಂದು ವರ್ಷದ ಫಸಲು ಹೋದ ಹಾಗಲ್ಲ, ಆ ಜಾಗದಲ್ಲಿ ತೋಟ ಅನ್ನೋದೇ ಮುಗಿಯಿತು. ರಾಗಿ, ಹುರುಳಿ, ತರಕಾರಿ ಬೆಳೀಬಹುದು, ಅಡಿಕೆ ತೆಂಗು ಆಗಲ್ಲ. ಎಂಟು ವರ್ಷದ ಗಿಡ ಅಂದ್ರೆ ಈಗಷ್ಟೇ ಕೈಗೆ ಬಂದಿರೋದು, ಇಷ್ಟು ವರ್ಷ ಹಾಕಿದ ಖರ್ಚು ಇನ್ನೂ ವಾಪಸ್ ಬಂದಿಲ್ಲ, ಮುಂದೆ ಹತ್ತಾರು ವರ್ಷ ಫಸಲು ಕೊಡೋ ವಯಸ್ಸು. ಅದಕ್ಕೆ ಬೆಲೆ ಕಟ್ಟೋವಾಗ ಈ ವರ್ಷ ಎಷ್ಟು ಕಾಯಿ ಬಿಟ್ಟಿದೆ ಅಂತ ನೋಡದೆ ಉಳಿದ ಆಯುಷ್ಯದ ಆದಾಯ ನೋಡಿ ಕಟ್ಟಿ ಅಂತ ಬರೆದು ಕೇಳಿ. ಮರಕ್ಕೆ ಒಂದು ಸಾವಿರ ವ್ಯತ್ಯಾಸ ಬಂದ್ರೆ 4 ಲಕ್ಷ ವ್ಯತ್ಯಾಸ ಆಯ್ತು, ಭೂಮಿ ಬೆಲೆಯಲ್ಲಿ ನೀವು ಕಷ್ಟಪಟ್ಟು ಗೆದ್ದಿದ್ದಕ್ಕಿಂತ ಜಾಸ್ತಿ.

ಹಾಗಾಗಿ ಪಂಚನಾಮೆ ದಿನ, ಅಂದ್ರೆ ಮರ ಬೆಳೆ ಎಣಿಸಿ ಬರ್ಕೊಳ್ಳೋ ದಿನ, ಎಲ್ಲ ಕೆಲಸ ಬಿಟ್ಟು ತೋಟದಲ್ಲಿರಿ. ಜಂಟಿ ಅಳತೆ ಅಂತ ಬರ್ತಾರೆ, ಕಂಪನಿಯವರು, ಕಂದಾಯದವರು, ಕೆಲವು ಸಲ ತೋಟಗಾರಿಕೆ ಇಲಾಖೆಯವರು. ಅವರು ಬರೋಕೆ ಮುಂಚೆ ನೀವೇ ಪ್ರತಿ ಮರಕ್ಕೂ ನಂಬರ್ ಬರೆದು ಸಾಲಿನ ಪ್ರಕಾರ ವಿಡಿಯೋ ಮಾಡಿ, ಲೊಕೇಶನ್ ಆನ್ ಇಟ್ಟು. ಫಸಲು ಬಿಟ್ಟ ಮರ, ಇನ್ನೂ ಬಿಡದ ಮರ, ಸಸಿ, ಬೇರೆ ಬೇರೆ ಬರೆಸಿ, ಯಾಕಂದ್ರೆ ರೇಟ್ ಬೇರೆ. ತೆಂಗು, ಮಾವು, ಹಲಸು, ಸಿಲ್ವರ್, ಬದುವಿನ ತೇಗ ಹೊಂಗೆ ಯಾವುದೂ ಬಿಡ್ಬೇಡಿ, ಅಡಿಕೆ ಮೇಲೆ ಹಬ್ಬಿಸಿದ ಮೆಣಸಿನ ಬಳ್ಳಿ ಇದ್ರೆ ಅದೂ ಬೇರೆ ಲೆಕ್ಕ. ಡ್ರಿಪ್ ಲ್ಯಾಟರಲ್, ಸಬ್‌ಮೇನ್ ಪೈಪು, ವಾಲ್ವು, ಕೇಬಲ್, ಬಸಿಗಾಲುವೆ, ತಂತಿಬೇಲಿ ಕಲ್ಲು ಎಷ್ಟು, ಎಲ್ಲಾ ಆ ಕಾಗದದ ಮೇಲೆ ಬರ್ಬೇಕು. ಕೊನೆಗೆ ಸಹಿ ಕೇಳ್ತಾರೆ. ಬರೆದಿದ್ದು ಸರಿ ಇದ್ರೆ ಹಾಕಿ, ಇಲ್ಲ ಅಂದ್ರೆ ಸಹಿ ಮೇಲೆ 'ಮರಗಳ ಸಂಖ್ಯೆಗೆ ತಕರಾರು ಇದೆ' ಅಂತ ಕೈಯಲ್ಲೇ ಬರೆದು ಹಾಕಿ, ಅಲ್ಲೇ ಒಂದು ಫೋಟೋ ತಗೊಳ್ಳಿ. ಪೆನ್ಸಿಲ್‌ನಲ್ಲಿ ಬರೆದಿದ್ದಕ್ಕೆ, ಖಾಲಿ ನಮೂನೆಗೆ ಯಾವ ಕಾರಣಕ್ಕೂ ಹಾಕ್ಬೇಡಿ, ಎಷ್ಟೇ ಪರಿಚಯದವರು ಕೂಡ್ಸಿ ಹೇಳಿದ್ರೂ.

ಆ ಪಟ್ಟಿ ಆಚೆ ಆಗೋ ನಷ್ಟನೂ ಕೇಳಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೆಕ್ಷನ್ 10ರಲ್ಲಿ ಮೂರು ವಿಷಯ ನೋಡ್ಬೇಕು ಅಂತ ಇದೆ: ಮರ ಬೆಳೆ ತೆಗೆದಿದ್ದು, ಜಮೀನು ತಾತ್ಕಾಲಿಕವಾಗಿ ಎರಡು ಭಾಗ ಆಗಿದ್ದು, ಬೇರೆ ಯಾವುದೇ ಆಸ್ತಿಗೆ ಅಥವಾ ಆದಾಯಕ್ಕೆ ಆದ ಪೆಟ್ಟು. ಅಡಿಕೆ ಬೆಳೆಯೋರಿಗೆ ಗೊತ್ತಿರೋ ವಿಷಯವೇ, ತೋಟದ ಮಧ್ಯೆ 20 ಮೀಟರ್ ಬಯಲು ಮಾಡಿದ್ರೆ ಇದುವರೆಗೂ ನೆರಳಲ್ಲಿದ್ದ ಸಾಲಿಗೆ ನೈಋತ್ಯದ ಬಿಸಿಲು ನೇರವಾಗಿ ಕಾಂಡಕ್ಕೆ ಹೊಡೆಯುತ್ತೆ, ಕಾಂಡ ಸುಟ್ಟು ಸೀಳುತ್ತೆ, ಆಮೇಲೆ ಗಾಳಿಗೆ ಮುರಿಯುತ್ತೆ. ಆ ಅಂಚಿನ ಎರಡು ಸಾಲಿಗೂ ನಷ್ಟ ಕೇಳಿ, ಕನಿಷ್ಠ ಸುಣ್ಣ ಬಳಿಯೋ, ಸೋಗೆ ಕಟ್ಟೋ ಖರ್ಚಾದ್ರೂ. ಬೋರ್‌ವೆಲ್ ಒಂದು ಕಡೆ, ತೋಟದ ಅರ್ಧ ಇನ್ನೊಂದು ಕಡೆ ಉಳಿದ್ರೆ ಗುಂಡಿ ತೋಡಿದ ದಿನದಿಂದ ಮುಚ್ಚೋವರೆಗೂ ಆಚೆ ಕಡೆಗೆ ನೀರು ಹೋಗಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಹಾಗಾದ್ರೆ ಹಿಂಗಾರ (ಅಡಿಕೆ ಹೂಗೊಂಚಲು) ಉದುರುತ್ತೆ, ಅದು ಮುಂದಿನ ವರ್ಷದ ಫಸಲು. ಈ ವಾದಕ್ಕೆಲ್ಲ ಆಧಾರ ಬೇಕು. ಅಡಿಕೆ ಮಂಡಿಯ ಮೂರ್ನಾಲ್ಕು ವರ್ಷದ ಮಾರಾಟದ ಬಿಲ್ಲು, ಫಸಲು ಗುತ್ತಿಗೆಗೆ (ಚೇಣಿಗೆ) ಕೊಟ್ಟಿದ್ರೆ ಚೇಣಿ ಕರಾರು, ಬ್ಯಾಂಕ್ ಜಮಾ, ಏನಿದೆಯೋ ಒಂದು ಫೈಲ್ ಮಾಡಿ. ಬಾಯಿಮಾತಲ್ಲಿ ಎಕರೆಗೆ ಇಷ್ಟು ಕ್ವಿಂಟಾಲ್ ಬರುತ್ತೆ ಅಂದ್ರೆ ಯಾರೂ ಬರ್ಕೊಳ್ಳಲ್ಲ.

ಎಷ್ಟು ಕೇಳ್ಬೇಕು ಅಂತ ಒಂದೇ ಅಂಕಿ ನಾನು ಇಲ್ಲಿಂದ ಹೇಳಿದ್ರೆ ಅದು ನಿಮಗೆ ಮೋಸ. ಇದೇ ಲೈನ್‌ನಲ್ಲಿ ಹಿಂದಿನ ಊರುಗಳಲ್ಲಿ ಅಡಿಕೆ ಮರಕ್ಕೆ ಎಷ್ಟು ಕೊಟ್ರು, ಯಾವ ವಯಸ್ಸಿಗೆ ಎಷ್ಟು, ಆ ಆದೇಶದ ಪ್ರತಿ ಕೊಡಿ ಅಂತ ಸಕ್ಷಮ ಪ್ರಾಧಿಕಾರಿ ಆಫೀಸಿಗೆ ಆರ್‌ಟಿಐ ಹಾಕಿ. ನಿಮ್ಮ ಕೇಳಿಕೆಗೆ ಅದಕ್ಕಿಂತ ಗಟ್ಟಿ ಬುಡ ಸಿಗಲ್ಲ. ಊರಿನ ಎಂಟು ಹತ್ತು ಜನ ಒಟ್ಟಾಗಿ ಒಬ್ಬರೇ ವಕೀಲರನ್ನ ಇಟ್ಕೊಂಡು, ಒಂದೇ ರೇಟಿಗೆ ನಿಂತ್ರೆ ಇನ್ನೂ ಒಳ್ಳೇದು. ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಬೇರೆ ಬೇರೆ ಅಂಕಿ ಹೇಳೋದು ನಡೆಯುತ್ತೆ, ಯಾರಿಗೆ ಎಷ್ಟು ಹೇಳಿದ್ರು ಅಂತ ಪರಸ್ಪರ ಮುಚ್ಚಿಡ್ಬೇಡಿ.

ಪಹಣಿ ವಿಷಯ ಈಗಲೇ ಸರಿಮಾಡ್ಕೊಳ್ಳಿ, ಇದು ತಡ ಆದ್ರೆ ಎಲ್ಲಾ ತಡ. ಪೌತಿ ಖಾತೆಗೆ, ಅಂದ್ರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋಕೆ, ಅರ್ಜಿ ಹಾಕಿ, ಮರಣ ಪ್ರಮಾಣ ಪತ್ರ, ವಂಶವೃಕ್ಷ ಎಲ್ಲಾ ಸೇರಿಸಿ. ವಂಶವೃಕ್ಷದಲ್ಲಿ ತಂಗಿ ಹೆಸರು ಬಿಡ್ಬೇಡಿ, ತಾಯಿ ಇದ್ರೆ ಅವರದೂ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮ ಪಾಲು, ಅವರನ್ನ ಬಿಟ್ಟು ನೀವಿಬ್ಬರೇ ಸಹಿ ಹಾಕಿ ದುಡ್ಡು ತಗೊಳ್ಳೋಕೆ ಹೋದ್ರೆ ನಾಳೆ ಅವರ ಕಡೆಯಿಂದ ತಕರಾರು ಬಂದು ಪಾಲಿನ ವಿಷಯ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುತ್ತೆ, ತೀರ್ಮಾನ ಆಗೋವರೆಗೂ ಹಣ ಕೈಗೆ ಬರೋದು ಕಷ್ಟ. ಪೈಪಿನವರ ಹತ್ರ ಮಾತಾಡೋಕೆ ಮುಂಚೆ ಮನೆಯೊಳಗೆ ಕೂತು ಮಾತಾಡಿ, ಯಾರ ಭಾಗದಲ್ಲಿ ಪಟ್ಟಿ ಹೋದ್ರೂ ದುಡ್ಡು ಹೇಗೆ ಹಂಚೋದು ಅಂತ ಬರೆದಿಟ್ಕೊಳ್ಳಿ. ಬಾಯಿಮಾತಲ್ಲಿ ಭಾಗ ಆಗಿ ಪೋಡಿ (ಅಳತೆ ಮಾಡಿ ದಾಖಲೆಯಲ್ಲಿ ಬೇರೆ ಮಾಡೋದು) ಆಗಿಲ್ಲ ಅಂದ್ರೂ ಇದೇ ತೊಂದರೆ. ಜಮೀನಿನ ಮೇಲೆ ಸೊಸೈಟಿ ಅಥವಾ ಬ್ಯಾಂಕ್ ಸಾಲ ಇದ್ರೆ ಕಾಲಂ 11ರಲ್ಲಿ ಇರುತ್ತೆ, ಅವರಿಗೂ ಒಂದು ಪತ್ರ ಕೊಟ್ಟಿಡಿ.

ಮನೆ ಕಟ್ಟೋ ಆಸೆ ಬಗ್ಗೆ. ನಿರ್ಬಂಧ ಇರೋದು ಆ 20 ಮೀಟರ್ ಪಟ್ಟಿಗೆ, ಇಡೀ ಸರ್ವೆ ನಂಬರಿಗೆ ಅಲ್ಲ. ಪಟ್ಟಿ ಮೇಲೆ ಕಟ್ಟಡ ಕಟ್ಟೋ ಹಾಗಿಲ್ಲ, ಬಾವಿ, ಕೆರೆ, ಕೃಷಿ ಹೊಂಡ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ. ಪಟ್ಟಿ ರಸ್ತೆ ಅಂಚಲ್ಲೇ ಹೋಗ್ತಿದ್ರೆ ನಿಮ್ಮ ಮುಂಭಾಗವೇ ಹೋದ ಹಾಗೆ, ಅದಕ್ಕೆ ಹಿಂಭಾಗಕ್ಕೆ ಸರಿಸಿ ಅಂತ ಆ 21 ದಿನದಲ್ಲೇ ಕೇಳ್ಬೇಕು. ಅಲಿನೇಷನ್ ಆದೇಶ (ಕೃಷಿ ಜಮೀನನ್ನ ಮನೆಯಂಥ ಬೇರೆ ಬಳಕೆಗೆ ಬದಲಾಯಿಸೋ ಆದೇಶ) ಈಗಾಗಲೇ ಆಗಿದ್ರೆ ತಪ್ಪದೇ ಹಾಜರು ಮಾಡಿ, ಬೆಲೆ ಲೆಕ್ಕನೇ ಬೇರೆ ಆಗುತ್ತೆ. ಸರಿಸೋಕೆ ಆಗ್ಲಿಲ್ಲ ಅಂದ್ರೂ ಮನೆ ಕೈಬಿಡೋ ಅಗತ್ಯ ಇಲ್ಲ, ಪಟ್ಟಿ ದಾಟಿ ಒಳಗೆ ಕಟ್ಟಿ. ಆದ್ರೆ ರಸ್ತೆಯಿಂದ ಮನೆಗೆ ಲಾರಿ, ಟ್ರ್ಯಾಕ್ಟರ್ ಆ ಪಟ್ಟಿ ದಾಟಿಯೇ ಬರ್ಬೇಕಲ್ಲ, ಇಂಥ ಜಾಗದಲ್ಲಿ ಭಾರದ ಗಾಡಿ ದಾಟೋಕೆ ಅವಕಾಶ ಇದೆ, ಅದಕ್ಕೆ ಬೇಕಾದ ರಕ್ಷಣೆ ಕಂಪನಿಯೇ ಮಾಡುತ್ತೆ ಅಂತ ಈಗಲೇ ಬರೆಸ್ಕೊಳ್ಳಿ. ಪೈಪ್ ಹಾಕಿ ಹೋದ ಮೇಲೆ ಹತ್ತು ಆಫೀಸ್ ಸುತ್ತಬೇಕಾಗುತ್ತೆ.

ಬರೆಸ್ಕೊಳ್ಳೋದು ಇನ್ನೂ ಕೆಲವು ಇದೆ. ನಿಜವಾದ ಮಾತುಕತೆ ಅಂತ ಇದ್ರೆ ಅದು ಇಲ್ಲೇ, ಯಾಕಂದ್ರೆ ಇದಕ್ಕೆ ಕಂಪನಿಗೆ ಖರ್ಚು ಕಮ್ಮಿ, ನಿಮಗೆ ಲಾಭ ಜಾಸ್ತಿ. ಮೇಲ್ಮಣ್ಣು ಬೇರೆ ರಾಶಿ, ಅಡಿಮಣ್ಣು ಬೇರೆ ರಾಶಿ ಹಾಕಿ, ಮುಚ್ಚೋವಾಗ ಮೇಲ್ಮಣ್ಣು ಮೇಲೆಯೇ ಬರ್ಬೇಕು. ಇದೊಂದು ತಪ್ಪಿದ್ರೆ ಆ ಜಾಗದಲ್ಲಿ ಹುರುಳಿನೂ ಸರಿಯಾಗಿ ಬರಲ್ಲ, ಬಿಳಿ ಸುದ್ದೆ ಮಣ್ಣು ಮೇಲೆ ಬಂದು ಕೂರುತ್ತೆ. ಕಾಯ್ದೆ ಹೇಳೋದು ಕನಿಷ್ಠ ಒಂದು ಮೀಟರ್ ಆಳ, ನೀವು ಒಂದೂವರೆ ಮೀಟರ್ ಕೇಳಿ, ಆಳದ ಉಳುಮೆಗೆ, ಮುಂದೆ ನಿಮ್ಮ ನೀರಿನ ಪೈಪು ಅಡ್ಡ ಹಾಕೋಕೆ ಅನುಕೂಲ ಆಗುತ್ತೆ. ಮುಚ್ಚಿದ ಮಣ್ಣು ಮೊದಲ ಎರಡು ಮಳೆಗಾಲದಲ್ಲಿ ಕುಸಿಯುತ್ತೆ, ಅದನ್ನ ಮತ್ತೆ ತುಂಬಿಸೋ ಹೊಣೆ ಯಾರದು ಅಂತ ಕಾಗದದಲ್ಲಿ ಇರಲಿ. ಬದು, ಬಸಿಗಾಲುವೆ ಮೊದಲಿದ್ದ ಮಟ್ಟಕ್ಕೇ ಬರ್ಬೇಕು. ಕಲ್ಲು, ವೆಲ್ಡಿಂಗ್ ಕಡ್ಡಿ, ಪ್ಲಾಸ್ಟಿಕ್ ಎಲ್ಲಾ ಎತ್ಕೊಂಡು ಹೋಗ್ಬೇಕು. ಪಟ್ಟಿ ಆಚೆ ಜೆಸಿಬಿ ನಿಲ್ಲಿಸಿದ್ರೆ, ಪೈಪ್ ರಾಶಿ ಹಾಕಿದ್ರೆ ಅದಕ್ಕೆ ಬೇರೆ ಬಾಡಿಗೆ ಮತ್ತು ಬೆಳೆ ನಷ್ಟ, ಮೊದಲೇ ರೇಟ್ ಮಾತಾಡಿ. ಆದಷ್ಟು ಕೊಯ್ಲು ಮುಗಿದ ಮೇಲೆ, ಬೇಸಿಗೆ ನೀರಿನ ಪರದಾಟ ಶುರು ಆಗೋಕೆ ಮುಂಚೆ ಕೆಲಸ ಮಾಡಿ ಅಂತ ಕೇಳಿ. ಆಮೇಲೆ ತಪಾಸಣೆಗೆ ಬರೋವಾಗ ಮುಂಚೆ ತಿಳಿಸಿ ಬರ್ಬೇಕು, ತುರ್ತು ಇದ್ರೆ ಮಾತ್ರ ಬೇರೆ, ಅದು ಕಾಯ್ದೆಯಲ್ಲೂ ಇದೆ. ಅದೇ ಪಟ್ಟಿಯಲ್ಲಿ ಕೆಲವು ವರ್ಷ ಆದ ಮೇಲೆ ಇನ್ನೊಂದು ಪೈಪ್ ಹಾಕೋಕೆ ಬಂದ್ರೆ ಆಗಿನ ಬೆಳೆ ನಷ್ಟ ಮತ್ತೆ ಕೊಡ್ಬೇಕು, ಹಿಂದೆಯೇ ಕೊಟ್ಟಾಗಿದೆ ಅನ್ನೋ ಮಾತು ಒಪ್ಪಬೇಡಿ. ಪಟ್ಟಿ ಮೇಲೆ ಬಾಳೆ, ನುಗ್ಗೆ, ಪಪ್ಪಾಯಿ ಬೆಳೀಬಹುದಾ ಅಂತ ಈಗಲೇ ಕೇಳಿ ಲಿಖಿತ ಉತ್ತರ ತಗೊಳ್ಳಿ, ಒಬ್ಬ ಲೈನ್‌ಮನ್ ಆಗಬಹುದು ಅಂತಾನೆ, ಮುಂದೆ ಬಂದವನು ಕಡಿಸ್ತಾನೆ.

ಸುರಕ್ಷತೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳಲೇಬೇಕು. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ಗ್ಯಾಸ್ ಪೈಪ್‌ಲೈನ್ ಸೋರಿ ಬೆಂಕಿ ಹತ್ತಿ 20ಕ್ಕೂ ಜಾಸ್ತಿ ಜನ ಸತ್ರು, ಮನೆ, ತೆಂಗಿನ ತೋಟ ಸುಟ್ಟುಹೋಯ್ತು. ಹೆದರಿಸೋಕೆ ಹೇಳ್ತಿಲ್ಲ, ಅಂಥದ್ದು ಅಪರೂಪ. ಆದ್ರೆ ಪೈಪ್ ಯಾವ ಆಳದಲ್ಲಿದೆ, ಹತ್ತಿರದ ವಾಲ್ವ್ ಸ್ಟೇಷನ್ ಎಲ್ಲಿದೆ, ಸೋರಿಕೆ ಅನ್ನಿಸಿದ್ರೆ ಯಾವ ನಂಬರಿಗೆ ಫೋನ್ ಮಾಡ್ಬೇಕು ಅಂತ ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರ್ಬೇಕು, ಅದಕ್ಕೇ ಪೈಪ್ ಹಾಕಿದ ಮೇಲಿನ ನಿಜವಾದ ನಕ್ಷೆಯ ಪ್ರತಿ ಕೇಳಿ ತಗೊಳ್ಳಿ. ನಿಮ್ಮ ಜಮೀನಿಗೆ ಜೆಸಿಬಿ ಕರೆಸೋ ದಿನ ಆ ನಕ್ಷೆ ಡ್ರೈವರ್‌ಗೆ ತೋರಿಸಿ. ಪೈಪಿಗೆ ಏಟಾದ್ರೆ ಮಾಲೀಕರ ಮೇಲೂ ಕೇಸ್ ಬರಬಹುದು.

ಕೊನೆಗೆ ಸಕ್ಷಮ ಪ್ರಾಧಿಕಾರಿ ನಿಗದಿ ಮಾಡಿದ ಮೊತ್ತ ನಿಮಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ, ಆ ಮೊತ್ತ ತಿಳಿಸೋ ಪತ್ರ ಕೈಗೆ ಬಂದ 90 ದಿನದೊಳಗೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕ್ಬೇಕು, ನಿಮಗೆ ತುಮಕೂರಲ್ಲಿ. ಸಿವಿಲ್ ಕೋರ್ಟಲ್ಲಿ ಸಾಮಾನ್ಯ ದಾವಾ ಹಾಕೋ ಹಾಗಿಲ್ಲ. ಭೂಮಿ ಬೆಲೆಗೂ ಹಾಕಬಹುದು, ಮರದ ನಷ್ಟಕ್ಕೂ ಹಾಕಬಹುದು, ಎರಡಕ್ಕೂ ಸೇರಿಸಿಯೇ ಹಾಕಿ. ಜಿಲ್ಲಾ ನ್ಯಾಯಾಧೀಶರು ಕೊಟ್ಟಿದ್ದೇ ಅಂತಿಮ ಅಂತ ಕಾಯ್ದೆ ಹೇಳುತ್ತೆ, ಅದರ ಮೇಲೆ ಮಾಮೂಲಿ ಅಪೀಲು ಇಲ್ಲ, ಹೈಕೋರ್ಟ್ ರಿಟ್ ಅಂದ್ರೆ ಬಹಳ ಇಕ್ಕಟ್ಟಿನ ದಾರಿ. ಅದಕ್ಕೆ ಇರೋ ಸಾಕ್ಷಿ ಎಲ್ಲಾ ಅಲ್ಲೇ ಹಾಕ್ಬೇಕು, ಮುಂದೆ ನೋಡೋಣ ಅಂತ ಉಳಿಸ್ಕೋಬೇಡಿ. ಅಲ್ಲಿವರೆಗೂ ಅವರು ಕೊಡೋ ದುಡ್ಡು ಬೇಡ ಅಂತ ಹಠ ಮಾಡೋದೂ ಬೇಡ, ತಗೊಳ್ಳಿ, ರಸೀದಿ ಮೇಲೆ 'ಹೆಚ್ಚಿನ ಪರಿಹಾರದ ಹಕ್ಕು ಕಾಯ್ದಿರಿಸಿ, ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ' ಅಂತ ಬರೆದು ಅದರ ಕೆಳಗೆ ಸಹಿ ಹಾಕಿ, ಪ್ರತಿ ಇಟ್ಕೊಳ್ಳಿ. ಆ ಪತ್ರ ಅಂಚೆಯಲ್ಲಿ ಬಂದ್ರೆ ಲಕೋಟೆ ಎಸೀಬೇಡಿ, 90 ದಿನದ ಲೆಕ್ಕಕ್ಕೆ ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತೆ.